ಪರದೆಯ ಬಲ್ಬು, ಪೇಟೆಯ ಬಲ್ಬು

(ಹಾವೇರಿಯಲ್ಲಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರು ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕರೆಂಟ್ ಹೋಗಿ ಮೈಕ್ ನಿಂತಾಗ ಕಿರುಚಿ ಹೇಳಿದ ಎರಡು ಮಾತುಗಳನ್ನು ಮೆತ್ತಗೆ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಈ ಎರಡು ಬಲ್ಬು ನೋಡಿ. ಟಾರ್ಚಿನ ಬಲ್ಬು. ಪೇಟೆಯಲ್ಲಿ ಒಂದೇ ಅಂಗಡಿಯವರು ಒಂದೇ ಡಬ್ಬಿಯಿಂದ ತೆಗೆದುಕೊಟ್ಟದ್ದು. ಎರಡನ್ನೂ ಸರಣಿಯಲ್ಲಿ, ಅಂದರೆ ಒಂದರ ಹಿಂದೆ ಒಂದಾಗಿ, ಜೋಡಿಸಿ ಸೆಲ್ ಹಾಕಿದ್ದೇನೆ. ಸ್ವಿಚ್ ಒತ್ತುವ ಮೊದಲು ಒಂದು ಪ್ರಶ್ನೆ. ಇವೆರಡರಲ್ಲಿ ಯಾವುದು ಜಾಸ್ತಿ ಬೆಳಗುತ್ತದೆ?

ನೀವೆಲ್ಲ ವಿಜ್ಞಾನ ಹೇಳಿಕೊಡುವವರು. "ಎರಡೂ ಒಂದೇ ತರ" ಅಂದಿರಿ. ನಮ್ಮ ಹತ್ತನೇ ತರಗತಿಯ ಮಕ್ಕಳು ಹಾಗೆ ಹೇಳಲಿಲ್ಲ. ಮುಕ್ಕಾಲು ಪಾಲು ಮಕ್ಕಳು ಮೊದಲನೆಯ ಬಲ್ಬಿಗೆ ಕೈ ಎತ್ತಿದರು. ಕಾರಣವನ್ನೂ ಕೊಟ್ಟರು. "ಮೊದಲನೇ ಬಲ್ಬು ಕರೆಂಟ್ ತಿಂದುಬಿಡ್ತೈತ್ರಿ ಸರ್. ಉಳಿದದ್ದಷ್ಟ ಎರಡನೇದಕ್ಕ ಹೋಗ್ತೈತಿ."

ಇದನ್ನು ದಡ್ಡತನ ಅನ್ನಬೇಡಿ. ಕಾಲುವೆಯ ತಲೆಭಾಗದ ಹೊಲದವರು ನೀರು ಹಾಯಿಸಿಕೊಂಡರೆ ಕೊನೆಭಾಗದವರಿಗೆ ನೀರು ಬರುವುದಿಲ್ಲ. ಅದು ಆ ಮಕ್ಕಳ ಮನೆಯಲ್ಲಿ ದಿನಾ ಆಡುವ ಮಾತು. ತಂತಿಯಲ್ಲೂ ಹಾಗೇ ಅಂದುಕೊಂಡಿದ್ದಾರೆ. ಕಾಲುವೆಯನ್ನೇ ನೋಡದ ದೇಶಗಳ ಮಕ್ಕಳೂ ಇದೇ ಉತ್ತರ ಕೊಡುತ್ತಾರೆ. ಹಾಗಾಗಿ ಒಂದು ಸಲ ಬೋರ್ಡಿನ ಮೇಲೆ "ಸರಣಿ ಜೋಡಣೆಯಲ್ಲಿ ಎಲ್ಲ ಕಡೆ ಪ್ರವಾಹ (ಕರೆಂಟ್) ಒಂದೇ" ಎಂದು ಬರೆದುಬಿಟ್ಟರೆ ಅದು ಹೋಗುವುದಿಲ್ಲ. ಮಕ್ಕಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ, ಕಾಲುವೆಯನ್ನು ತಲೆಯಲ್ಲಿ ಹಾಗೇ ಇಟ್ಟುಕೊಳ್ಳುತ್ತಾರೆ.

ಆ ದಿನ ನಾನು ಪ್ರೊಜೆಕ್ಟರ್ ಹಾಕಿ ಫೆಟ್ (PhET) ತೋರಿಸಿದೆ, ಕಂಪ್ಯೂಟರ್ ಪರದೆಯ ಮೇಲೆ ಆಟದ ಹಾಗೆ ವಿಜ್ಞಾನದ ಪ್ರಯೋಗ ಮಾಡುವ ತಂತ್ರಾಂಶ. ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತದೆ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಕಾರ್ಲ್ ವೀಮನ್ ಶುರು ಮಾಡಿದ ಕೆಲಸ ಅದು. ಬೋಸ್-ಐನ್‌ಸ್ಟೈನ್ ಸಾಂದ್ರಿತವನ್ನು, ಅಂದರೆ ವಿಪರೀತ ತಣ್ಣಗಾದ ಪರಮಾಣುಗಳೆಲ್ಲ ಒಂದೇ ಆಗಿ ವರ್ತಿಸುವ ಸ್ಥಿತಿಯನ್ನು, ಪ್ರಯೋಗದಲ್ಲಿ ಮಾಡಿ ತೋರಿಸಿದ್ದಕ್ಕೆ 2001ರ ನೊಬೆಲ್ ಹಂಚಿಕೊಂಡ ಮೂವರಲ್ಲಿ ಅವರೂ ಒಬ್ಬರು. ಆ ಬೋಸ್ ಅಂದರೆ ನಮ್ಮ ಸತ್ಯೇಂದ್ರನಾಥ ಬೋಸ್ ಅಂತ ಮಕ್ಕಳಿಗೆ ಹೇಳಲು ಮರೆಯಬೇಡಿ. ಅಂಥ ಸಂಶೋಧನೆ ಮಾಡಿದವರು ಶಾಲೆ ಮಕ್ಕಳಿಗೆ ಬಲ್ಬು, ತಂತಿಯ ಆಟ ಮಾಡಲು ಕೂತರಲ್ಲ, ಅದು ನನಗೆ ಇಷ್ಟವಾದ ವಿಷಯ.

ಫೆಟ್‌ನಲ್ಲಿ ಸರ್ಕ್ಯೂಟ್ ಕಟ್ಟುವ ಒಂದು ಆಟವಿದೆ. ಬ್ಯಾಟರಿ, ತಂತಿ, ಬಲ್ಬು ಎಳೆದು ತಂದು ಜೋಡಿಸಬಹುದು. ತಂತಿಯೊಳಗೆ ಎಲೆಕ್ಟ್ರಾನುಗಳು ನೀಲಿ ಚುಕ್ಕೆಗಳಾಗಿ ಸಾಲಾಗಿ ಹೋಗುವುದು ಕಾಣುತ್ತದೆ. ಬಲ್ಬಿಗೆ ಮುಂಚೆ ಎಷ್ಟು ಜೋರಾಗಿ ಹೋಗುತ್ತವೋ ಬಲ್ಬು ದಾಟಿದ ಮೇಲೂ ಅಷ್ಟೇ ಜೋರು. ಒಂದೂ ಕಡಿಮೆಯಾಗುವುದಿಲ್ಲ. ತಂತಿಯ ಬದಲು ಪೆನ್ಸಿಲ್, ನಾಣ್ಯ, ರಬ್ಬರ್ ಇಡಬಹುದು. ಒಂದು ನಾಯಿಯೂ ಇದೆ! ಬ್ಯಾಟರಿಯ ಎರಡೂ ತುದಿಯನ್ನು ಬರೀ ತಂತಿಯಿಂದ ಸೇರಿಸಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ನಮ್ಮ ಹುಡುಗರು ಮೊದಲ ಹತ್ತು ನಿಮಿಷ ಬೆಂಕಿ ಹಚ್ಚುವುದರಲ್ಲೇ ಕಳೆದರು. ಬಿಟ್ಟೆ. ಶಾಲೆಯಲ್ಲಿ ಭಯವಿಲ್ಲದೆ ಶಾರ್ಟ್ ಸರ್ಕ್ಯೂಟ್ ಮಾಡಲು ಬೇರೆ ಎಲ್ಲಿ ಸಿಗುತ್ತದೆ?

ಆಮೇಲೆ ಎರಡು ಬಲ್ಬು ಸರಣಿಯಲ್ಲಿ ಹಾಕಿದೆವು. ಎರಡೂ ಒಂದೇ ಸಮ ಬೆಳಗಿದವು. ಮಕ್ಕಳು ತಲೆ ಆಡಿಸಿದರು. ಪಾಠ ಮುಗಿಯಿತು ಅಂದುಕೊಂಡೆ.

ಮರುದಿನ ಈ ಪೇಟೆಯ ಬಲ್ಬುಗಳನ್ನು ತಂದು ಅದೇ ಜೋಡಣೆ ಮಾಡಿದೆ. ಈಗ ಸ್ವಿಚ್ ಒತ್ತುತ್ತೇನೆ, ನೀವೇ ನೋಡಿ. ಎಡಗಡೆಯದು ಚೆನ್ನಾಗಿ ಉರಿಯುತ್ತಿದೆ. ಬಲಗಡೆಯದು ಮಿಣುಕು ದೀಪ. ಕಾಣುತ್ತಿದೆ ಅಲ್ವಾ?

ಆ ದಿನ ತರಗತಿಯಲ್ಲಿ ಗಲಾಟೆಯೇ ಗಲಾಟೆ. "ನಾವು ಹೇಳಿರಲಿಲ್ಲೇನ್ರಿ ಸರ್!" ಕಂಪ್ಯೂಟರ್ ಸುಳ್ಳು, ಕಾಲುವೆಯೇ ಸತ್ಯ ಅಂತ ತೀರ್ಮಾನವಾಯಿತು. ನನಗೂ ಒಂದು ಕ್ಷಣ ಬಾಯಿ ಒಣಗಿತು. ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಬಂದು ಕೇಳಿದ, "ಸರ್, ಬಲ್ಬು ಅದಲು ಬದಲು ಮಾಡ್ಲೇನ್ರಿ?" ಮಾಡಿದ. ಈಗ ನಾನೂ ಮಾಡುತ್ತೇನೆ. ನೋಡಿ, ಎಡಗಡೆಯದು ಮಂದ, ಬಲಗಡೆಯದು ಪ್ರಕಾಶ. ಅಂದರೆ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದಕ್ಕೂ ಬೆಳಕಿಗೂ ಸಂಬಂಧ ಇಲ್ಲ. ಮಂದ ಬಲ್ಬು ಎಲ್ಲಿ ಕೂತರೂ ಮಂದವೇ.

ಪರದೆಯ ಮೇಲಿನ ಬಲ್ಬುಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿರುತ್ತವೆ. ಪೇಟೆಯಲ್ಲಿ ಸಿಗುವ ಬಲ್ಬುಗಳು ಹಾಗಲ್ಲ. ಒಂದರ ತಂತು ಸ್ವಲ್ಪ ದಪ್ಪ ಇರಬಹುದು, ಇನ್ನೊಂದರದ್ದು ಸಪೂರ. ರೋಧ, ಅಂದರೆ ಕರೆಂಟಿಗೆ ಒಡ್ಡುವ ತಡೆ, ಬೇರೆ ಬೇರೆ. ಸರಣಿಯಲ್ಲಿ ಪ್ರವಾಹ ಒಂದೇ ಆಗಿರುವುದರಿಂದ ರೋಧ ಜಾಸ್ತಿ ಇರುವ ಬಲ್ಬೇ ಜಾಸ್ತಿ ಬೆಳಗುತ್ತದೆ. ಇದೇ ಎರಡು ಬಲ್ಬುಗಳನ್ನು ಸಮಾಂತರದಲ್ಲಿ, ಅಂದರೆ ಒಂದೊಂದನ್ನೂ ನೇರ ಸೆಲ್ಲಿಗೇ, ಜೋಡಿಸಿ ನೋಡಿ. ಈಗ ಮಿಣುಕು ಅನ್ನಿಸಿಕೊಂಡಿರುವುದೇ ಅಲ್ಲಿ ಹೆಚ್ಚು ಉರಿಯುತ್ತದೆ. ಅಲ್ಲಿ ವೋಲ್ಟೇಜ್ ಒಂದೇ, ರೋಧ ಕಡಿಮೆ ಇದ್ದದ್ದಕ್ಕೆ ಪ್ರವಾಹ ಜಾಸ್ತಿ. ಇದನ್ನು ಕಂಡ ಮೇಲೆ ನಮ್ಮ ಮಕ್ಕಳು ವೋಲ್ಟೇಜ್, ಪ್ರವಾಹ, ರೋಧಗಳ ಸಂಬಂಧ ಹೇಳುವ ಓಮ್‌ನ ನಿಯಮವನ್ನು ಬಾಯಿಪಾಠ ಮಾಡಬೇಕಾಗಲಿಲ್ಲ.

ನನ್ನ ಇವತ್ತಿನ ಮಾತೆಲ್ಲ ಈ ಎರಡು ಬಲ್ಬುಗಳ ಸುತ್ತಲೇ. ಫೆಟ್ ಇಲ್ಲದಿದ್ದರೆ ತಂತಿಯೊಳಗೆ ಪ್ರವಾಹ ಕಡಿಮೆಯಾಗುವುದಿಲ್ಲ ಅನ್ನುವುದು ಆ ಮಕ್ಕಳ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಪೇಟೆಯ ಬಲ್ಬು ಇಲ್ಲದಿದ್ದರೆ ಅದನ್ನು ಅವರು ನಂಬುತ್ತಿರಲಿಲ್ಲ, ಸುಮ್ನೆ ಒಪ್ಪಿಕೊಳ್ಳುತ್ತಿದ್ದರು. ಪರದೆಯ ಮೇಲಿನ ಪ್ರಯೋಗ ಯಾವತ್ತೂ ಕೆಡುವುದಿಲ್ಲ. ಮಕ್ಕಳಿಗೆ ಅದರ ಮೇಲೆ ಅನುಮಾನವೇ ಬರುವುದಿಲ್ಲ. ನನಗೆ ಅದು ತೊಂದರೆಯಾಗಿ ಕಾಣುತ್ತದೆ.

ನನ್ನ ಮಾತಿಗೆ ಎದುರಾದ ಒಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ಕೊಲರಾಡೊದವರೇ 2005ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಲ್ಲಿ ಕೆಲವರಿಗೆ ನಿಜವಾದ ಬಲ್ಬು, ತಂತಿ ಕೊಟ್ಟರು. ಇನ್ನು ಕೆಲವರಿಗೆ ಬರೀ ಕಂಪ್ಯೂಟರಿನ ಸರ್ಕ್ಯೂಟ್ ಕೊಟ್ಟರು. ಕೊನೆಗೆ ಎಲ್ಲರಿಗೂ ನಿಜವಾದ ಸರ್ಕ್ಯೂಟ್ ಕಟ್ಟಲು ಹೇಳಿದರೆ ಕಂಪ್ಯೂಟರಿನಲ್ಲಿ ಕಲಿತವರೇ ಚೆನ್ನಾಗಿ ಮಾಡಿದರು, ಚೆನ್ನಾಗಿ ವಿವರಿಸಿದರು. ಇದನ್ನು ಓದಿದಾಗ ನನಗೆ ಸ್ವಲ್ಪ ಕಸಿವಿಸಿಯಾಯಿತು. ಯೋಚಿಸಿದರೆ ಆಶ್ಚರ್ಯವೇನಿಲ್ಲ. ಸಡಿಲವಾದ ಹೋಲ್ಡರ್, ತುಕ್ಕು ಹಿಡಿದ ಕ್ಲಿಪ್ಪು, ಸತ್ತ ಸೆಲ್ಲು, ಇವುಗಳ ಜೊತೆ ಗುದ್ದಾಡುವುದರಲ್ಲಿ ಪಿರಿಯಡ್ ಮುಗಿದು ಹೋಗುತ್ತದೆ ಅನ್ನುವುದು ನಮಗೆಲ್ಲ ಗೊತ್ತು. ಹಾಗಾಗಿ ನಾನು ಮೊದಲು ಪರದೆ, ಆಮೇಲೆ ಕೈ ಅನ್ನುವ ಕ್ರಮ ಇಟ್ಟುಕೊಂಡಿದ್ದೇನೆ. ಕೈಯ ಸರದಿ ಮಾತ್ರ ತಪ್ಪಿಸುವುದಿಲ್ಲ.

ಇನ್ನೊಂದು ಉಪಯೋಗದ ಮಾತು. ಫೆಟ್‌ನ ಹೊಸ ಬಗೆಯ ಆಟಗಳನ್ನು ಒಂದೊಂದೇ ಫೈಲಾಗಿ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಬಹುದು. ಆಮೇಲೆ ನೆಟ್ ಬೇಡ. ಬ್ರೌಸರ್ ಇದ್ದರೆ ಸಾಕು. ಎಷ್ಟೋ ಆಟಗಳು ಕನ್ನಡದಲ್ಲೂ ಇವೆ. ನೆಟ್‌ವರ್ಕ್ ಚೆನ್ನಾಗಿರುವ ಕಡೆ ಕೂತು ಒಂದು ಭಾನುವಾರ ಬೇಕಾದದ್ದನ್ನೆಲ್ಲ ಇಳಿಸಿಟ್ಟುಕೊಳ್ಳಿ. ಒಂದು ಎಚ್ಚರಿಕೆಯೂ ಇದೆ. ನಮ್ಮ ಶಾಲೆಯಲ್ಲಿ ಒಬ್ಬಳು ಕಿರುಪರೀಕ್ಷೆಯಲ್ಲಿ "ಎಲೆಕ್ಟ್ರಾನಿನ ಬಣ್ಣ ನೀಲಿ" ಎಂದು ಬರೆದಿದ್ದಳು. ತಪ್ಪು ಅವಳದಲ್ಲ. ಚುಕ್ಕೆ ಬರೀ ಗುರುತು, ಎಲೆಕ್ಟ್ರಾನ್ ಹಾಗಿಲ್ಲ ಅಂತ ನಾನು ಹೇಳಿರಲಿಲ್ಲ.

ಹಳೆಯದೊಂದು ಕಥೆ ಹೇಳುತ್ತೇನೆ, ಬೇಗ ಮುಗಿಸುತ್ತೇನೆ. ಯಂತ್ರದ ಮೂಲಕ ಪಾಠ ಅನ್ನುವುದು ನಮ್ಮ ಕಡೆಗೆ ಈಗ ಬಂದದ್ದಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ಅಮೆರಿಕದ ಉಪಗ್ರಹವೊಂದರ ಸಹಾಯದಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ಕಳಿಸಿದರು. ಸೈಟ್ ಅಂತ ಅದರ ಹೆಸರು. ನಮ್ಮ ರಾಜ್ಯದ ಕಲಬುರಗಿ, ರಾಯಚೂರು, ವಿಜಯಪುರ ಭಾಗದ ಹಳ್ಳಿಗಳೂ ಅದರಲ್ಲಿದ್ದವು. ಬೆಳಗ್ಗೆ ಶಾಲೆ ಮಕ್ಕಳಿಗೆ ಅಂತಲೇ ಕಾರ್ಯಕ್ರಮ. 2004ರಲ್ಲಿ ಇಸ್ರೋ ಪಾಠಕ್ಕೆಂದೇ ಎಜುಸ್ಯಾಟ್ ಹಾರಿಸಿತು. ಚಾಮರಾಜನಗರದ ಶಾಲೆಗಳಿಗೆ ಅದರ ಪಾಠ ಬಂತು. 2020ರಲ್ಲಿ ಶಾಲೆ ಮುಚ್ಚಿದಾಗ ಚಂದನದಲ್ಲಿ 'ಸಂವೇದ' ಪಾಠಗಳು ಬಂದವು. 2021ರ ಮಳೆಗಾಲದಲ್ಲಿ ಸುಳ್ಯದ ಕಡೆ ರಸ್ತೆ ಬದಿಯಲ್ಲಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಫೋಟೋ ನೀವೆಲ್ಲ ನೋಡಿದ್ದೀರಿ. ಇವುಗಳಲ್ಲಿ ಯಾವುದನ್ನೂ ನಾನು ಹಳಿಯುವುದಿಲ್ಲ. ಆದರೆ ಇವೆಲ್ಲದರಲ್ಲೂ ಮಾತು ಹರಿದದ್ದು ಹೆಚ್ಚಾಗಿ ಒಂದೇ ಕಡೆಗೆ. ಪೆಟ್ಟಿಗೆ ಹೇಳುತ್ತದೆ, ಮಗು ಕೇಳುತ್ತದೆ.

ವಿಡಿಯೊ ವಿಷಯಕ್ಕೆ ಬರುತ್ತೇನೆ. ಯೂಟ್ಯೂಬಿನಲ್ಲಿ ವೆರಿಟಾಸಿಯಂ ಅಂತ ಒಂದು ವಿಜ್ಞಾನದ ಚಾನೆಲ್ ಇದೆ. ಅದನ್ನು ನಡೆಸುವ ಡೆರೆಕ್ ಮುಲ್ಲರ್ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿದ್ದೇ ಭೌತವಿಜ್ಞಾನದ ವಿಡಿಯೊಗಳ ಮೇಲೆ. ಅವರು ಕಂಡುಕೊಂಡದ್ದು ಕೇಳಿದರೆ ನಮ್ಮಂಥವರು ಬೆಚ್ಚಿಬೀಳಬೇಕು. ಅಚ್ಚುಕಟ್ಟಾಗಿ, ಸ್ಪಷ್ಟವಾಗಿ ವಿವರಿಸಿದ ವಿಡಿಯೊ ನೋಡಿದವರು "ಚೆನ್ನಾಗಿ ಅರ್ಥವಾಯಿತು" ಅಂದರು. ಪರೀಕ್ಷೆ ಕೊಟ್ಟರೆ ಕಲಿತದ್ದು ತೀರ ಕಡಿಮೆ. ಇನ್ನೊಂದು ಬಗೆಯ ವಿಡಿಯೊದಲ್ಲಿ ಮೊದಲು ಜನರ ತಪ್ಪು ತಿಳಿವಳಿಕೆಯನ್ನೇ ಮಾತಿಗೆ ತಂದು, ಆಮೇಲೆ ಅದು ಯಾಕೆ ತಪ್ಪು ಅಂತ ತೋರಿಸಿದರು. ಅದನ್ನು ನೋಡಿದವರು "ಗೊಂದಲ" ಅಂದರು. ಕಲಿತದ್ದು ಮಾತ್ರ ಅವರೇ ಜಾಸ್ತಿ. ಮೊದಲನೆಯವರು ಏನು ಮಾಡಿದ್ದರು ಅಂದರೆ, ತಮಗೆ ಗೊತ್ತಿದ್ದದ್ದನ್ನೇ ವಿಡಿಯೊ ಹೇಳುತ್ತಿದೆ ಅಂದುಕೊಂಡು ಕೂತಿದ್ದರು. ಕಾಲುವೆ ತಲೆಯಲ್ಲಿ ಹಾಗೇ ಇತ್ತು.

ಅದಕ್ಕೇ ನಾನು ವಿಡಿಯೊವನ್ನು ಪೂರ್ತಿ ಹಾಕುವುದಿಲ್ಲ. ಧ್ವನಿ ಬಂದ್ ಮಾಡುತ್ತೇನೆ. ಮುಖ್ಯವಾದ ಕ್ಷಣಕ್ಕೆ ಸ್ವಲ್ಪ ಮೊದಲು ನಿಲ್ಲಿಸುತ್ತೇನೆ. 1971ರ ಆಗಸ್ಟಿನಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದರಲ್ಲಿ ಗಿಡುಗದ ಗರಿ ಹಿಡಿದು ಒಟ್ಟಿಗೆ ಬಿಟ್ಟ ವಿಡಿಯೊ ಇದೆ. ಬಿಡುವ ಮೊದಲು ನಿಲ್ಲಿಸಿ. ನಿಮ್ಮ ಊಹೆ ಬರೆಯಿರಿ ಅನ್ನಿ. ಸುತ್ತಿಗೆ ಮೊದಲು ಬೀಳುತ್ತದೆ ಅನ್ನುವವರು ಇರುತ್ತಾರೆ. ಎರಡೂ ಒಟ್ಟಿಗೆ ಅನ್ನುವ ಬುದ್ಧಿವಂತರೂ ಇರುತ್ತಾರೆ. ನಮ್ಮಲ್ಲಿ ಐದಾರು ಮಕ್ಕಳು ಬೇರೆಯೇ ಉತ್ತರ ಬರೆದಿದ್ದರು. "ಎರಡೂ ಬೀಳೂದಿಲ್ಲ, ತೇಲ್ತಾವು." ಚಂದ್ರನಲ್ಲಿ ಗುರುತ್ವವೇ ಇಲ್ಲ ಅಂತ ಅವರ ನಂಬಿಕೆ. ಪೂರ್ತಿ ವಿಡಿಯೊ ಹಾಕಿಬಿಟ್ಟಿದ್ದರೆ ಆ ನಂಬಿಕೆ ಇರುವುದು ನನಗೆ ಗೊತ್ತೇ ಆಗುತ್ತಿರಲಿಲ್ಲ.

2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದದ್ದನ್ನು ಎಲ್ಲರೂ ನೋಡಿದ್ದೇವೆ, ಚಪ್ಪಾಳೆ ಹೊಡೆದಿದ್ದೇವೆ. ಆ ನೇರಪ್ರಸಾರದ ಪರದೆಯಲ್ಲಿ ಎತ್ತರ, ವೇಗದ ಅಂಕಿಗಳು ಓಡುತ್ತಿದ್ದವು ನೆನಪಿದೆಯೇ? ಆ ವಿಡಿಯೊ ಈಗಲೂ ಸಿಗುತ್ತದೆ. ಒಂಬತ್ತನೇ ತರಗತಿಯವರಿಗೆ ಹಾಕಿ, ನಿಮಿಷಕ್ಕೊಮ್ಮೆ ನಿಲ್ಲಿಸಿ ಅಂಕಿ ಬರೆದುಕೊಳ್ಳಲು ಹೇಳಿ. ವೇಗ-ಕಾಲ ನಕ್ಷೆ ತಾನಾಗಿ ಸಿಗುತ್ತದೆ. 30 ಕಿ.ಮೀ. ಎತ್ತರದಲ್ಲಿ ಇಳಿಯುವ ನೌಕೆ ವಿಕ್ರಮನ ಅಡ್ಡ ವೇಗ ಸೆಕೆಂಡಿಗೆ ಸುಮಾರು 1,680 ಮೀಟರ್. ಸುಮಾರು 690 ಸೆಕೆಂಡಿನ ಮೊದಲ ಬ್ರೇಕ್ ಮುಗಿಯುವಾಗ ಸುಮಾರು 358 ಮೀಟರ್. ಕಳೆದು ಭಾಗಿಸಿದರೆ ಒಂದೊಂದು ಸೆಕೆಂಡಿನಲ್ಲೂ ವೇಗ ಸೆಕೆಂಡಿಗೆ 1.9 ಮೀಟರಿನಷ್ಟು ಇಳಿದಿದೆ. ಪಠ್ಯಪುಸ್ತಕದಲ್ಲಿ ಕಾರು, ಸೈಕಲ್ಲು ಬ್ರೇಕ್ ಹಾಕುವ ಲೆಕ್ಕ ಮಾಡಿ ಸುಸ್ತಾದವರು ಇದನ್ನು ಮಾಡುವಾಗ ಎದ್ದು ಕೂರುತ್ತಾರೆ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ವಿಷಯ. ನಿಮ್ಮ ಜೇಬಿನಲ್ಲಿರುವ ಫೋನನ್ನು ಟಿ.ವಿ. ಅಂದುಕೊಳ್ಳುವುದನ್ನು ಬಿಡಿ. ಅದು ತಕ್ಕಡಿ, ಗಡಿಯಾರ, ದಿಕ್ಸೂಚಿ ಇದ್ದ ಹಾಗೆ ಒಂದು ಅಳತೆಯ ಸಾಧನ. ಅದರೊಳಗೆ ವೇಗೋತ್ಕರ್ಷ (ವೇಗ ಬದಲಾಗುವ ದರ) ಅಳೆಯುವ ಸೆನ್ಸರ್ ಇದೆ, ಕಾಂತಕ್ಷೇತ್ರ ಅಳೆಯುವುದು ಇದೆ, ಬೆಳಕು ಅಳೆಯುವುದು ಇದೆ, ಮೈಕ್ ಇದೆ. ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಇಷ್ಟು ಸೂಕ್ಷ್ಮದ ಸಾಮಾನು ಒಂದೂ ಇಲ್ಲ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು 2016ರಲ್ಲಿ ಫೈಫಾಕ್ಸ್ ಅನ್ನುವ ಆ್ಯಪ್ ತಂದರು. ದುಡ್ಡು ಕೊಡಬೇಕಾಗಿಲ್ಲ. ಒಮ್ಮೆ ಇಳಿಸಿಕೊಂಡರೆ ನೆಟ್ ಕೂಡ ಬೇಡ. ಅದು ಈ ಸೆನ್ಸರುಗಳ ಲೆಕ್ಕವನ್ನು ಗ್ರಾಫ್ ಮಾಡಿ ತೋರಿಸುತ್ತದೆ.

ಶಬ್ದದ ವೇಗ ಅಳೆಯುವುದನ್ನು ಹೇಳುತ್ತೇನೆ. ಎರಡು ಫೋನ್ ಸಾಕು. ಎರಡರಲ್ಲೂ ಅಕೌಸ್ಟಿಕ್ ಸ್ಟಾಪ್‌ವಾಚ್ ತೆರೆಯಿರಿ. ಜೋರು ಸದ್ದು ಕೇಳಿದರೆ ಅದು ಶುರುವಾಗುತ್ತದೆ, ಇನ್ನೊಂದು ಸದ್ದು ಕೇಳಿದರೆ ನಿಲ್ಲುತ್ತದೆ. ವರಾಂಡದಲ್ಲಿ 10 ಮೀಟರ್ ಅಳೆದು ಎರಡೂ ತುದಿಗೆ ಒಂದೊಂದು ಫೋನ್, ಒಂದೊಂದು ಮಗು. ಮೊದಲನೆಯ ಹುಡುಗಿ ಚಪ್ಪಾಳೆ ತಟ್ಟುತ್ತಾಳೆ. ಅವಳ ಫೋನ್ ತಕ್ಷಣ ಶುರು. ಆಚೆ ತುದಿಯ ಫೋನಿಗೆ ಸದ್ದು ತಲುಪಲು ಸ್ವಲ್ಪ ಹೊತ್ತು ಬೇಕು, ಅದು ಅಷ್ಟು ತಡವಾಗಿ ಶುರು. ಆಮೇಲೆ ಆಚೆ ತುದಿಯವನು ತಟ್ಟುತ್ತಾನೆ. ಅವನ ಫೋನ್ ತಕ್ಷಣ ನಿಲ್ಲುತ್ತದೆ, ಇವಳದ್ದು ತಡವಾಗಿ. ಹಾಗಾಗಿ ಇವಳ ಫೋನಿನಲ್ಲಿ ಕಾಲ ಜಾಸ್ತಿ ತೋರಿಸುತ್ತದೆ. ಎರಡರ ವ್ಯತ್ಯಾಸ ಅಂದರೆ ಸದ್ದು 10 ಮೀಟರ್ ಹೋಗಿ 10 ಮೀಟರ್ ಬಂದ ಹೊತ್ತು. 20ನ್ನು ಆ ವ್ಯತ್ಯಾಸದಿಂದ ಭಾಗಿಸಿ. ಎರಡು ಗಡಿಯಾರಗಳು ಒಂದೇ ಸಮಯ ತೋರಿಸುತ್ತಿರಬೇಕು ಅನ್ನುವ ತಲೆಬಿಸಿಯೇ ಇಲ್ಲ. ಈ ಉಪಾಯ ಎಷ್ಟು ಚೆಂದ ನೋಡಿ!

0 ಡಿಗ್ರಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 331 ಮೀಟರ್. ಒಂದೊಂದು ಡಿಗ್ರಿಗೆ 0.6 ಮೀಟರ್ ಏರುತ್ತದೆ. ನಮ್ಮ 30 ಡಿಗ್ರಿಯಲ್ಲಿ 349 ಬರಬೇಕು. ವ್ಯತ್ಯಾಸ 0.057 ಸೆಕೆಂಡ್. ನಮಗೆ ಮೊದಲ ದಿನ ಬಂದದ್ದು 0.04, 0.07, ಒಂದು ಸಲ 3 ಸೆಕೆಂಡ್. ಪಕ್ಕದ ಎಂಟನೇ ತರಗತಿಯಲ್ಲಿ ಮಗ್ಗಿ ಹೇಳುತ್ತಿದ್ದರು. ಎರಡನೇ ದಿನ ಮಳೆ. ತಗಡಿನ ಸೂರಿನ ಮೇಲೆ ಹನಿ ಬಿದ್ದ ಕೂಡಲೇ ಗಡಿಯಾರ ಓಡತೊಡಗಿತು. ಮೂರನೇ ದಿನ ಶಾಲೆ ಬಿಟ್ಟ ಮೇಲೆ ಹತ್ತು ಸಲ ಮಾಡಿ ಸರಾಸರಿ ತೆಗೆದೆವು. ಹತ್ತರಲ್ಲಿ ಯಾವುದನ್ನು ಬಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಅಂತ ಮಕ್ಕಳು ಜಗಳವಾಡಿದರು. ನಮಗೆ ಬೇಕಾದ ಉತ್ತರದ ಹತ್ತಿರ ಇಲ್ಲ ಅಂತ ಒಂದನ್ನು ಬಿಡಬಹುದೇ? ಆ ಜಗಳ ಬಹಳ ದೊಡ್ಡದು. ದೊಡ್ಡ ದೊಡ್ಡ ಪ್ರಯೋಗಾಲಯಗಳಲ್ಲೂ ಅದೇ ಜಗಳ ನಡೆಯುತ್ತದೆ.

ಇನ್ನು ಜೋಕಾಲಿ. ನಾಗರ ಪಂಚಮಿಗೆ ನಮ್ಮ ಕಡೆ ಮರಕ್ಕೆ ಜೋಕಾಲಿ ಕಟ್ಟದ ಊರಿಲ್ಲ. ಹಬ್ಬದ ಮರುದಿನ ಮಕ್ಕಳಿಗೆ ಊಹೆ ಬರೆಯಲು ಹೇಳಿದೆ. ಭಾರ ಇದ್ದವರು ಕೂತರೆ ಜೋಕಾಲಿ ನಿಧಾನ ಹೋಗುತ್ತದೋ, ಬೇಗ ಹೋಗುತ್ತದೋ? "ಭಾರ ಇದ್ದವರು ಕುಂತ್ರ ನಿಧಾನ ಆಗ್ತೈತ್ರಿ" ಅಂದವರೇ ಜಾಸ್ತಿ. ಫೋನನ್ನು ಒಂದು ಬಟ್ಟೆ ಚೀಲದಲ್ಲಿ ಹಾಕಿ ಮಣೆಯ ಕೆಳಗೆ ಬಿಗಿಯಾಗಿ ಕಟ್ಟಿದೆವು. ಹಗ್ಗದ ಉದ್ದ ಸುಮಾರು 4 ಮೀಟರ್. ಲೋಲಕದ ಸೂತ್ರದ ಪ್ರಕಾರ ಒಂದು ಸಲ ಹೋಗಿ ಬರಲು 4 ಸೆಕೆಂಡ್ ಬೇಕು.

ಗ್ರಾಫಿನಲ್ಲಿ ಗುಡ್ಡಗಳು ಬಂದವು. ಎರಡು ಗುಡ್ಡಗಳ ನಡುವೆ 2 ಸೆಕೆಂಡ್. ನಾಲ್ಕಲ್ಲ, ಎರಡು. ಮತ್ತೆ ಮಾಡಿದೆವು, ಮತ್ತೆ ಎರಡೇ. ಹಗ್ಗ ಅಳೆದೆ, ಸೂತ್ರ ನೋಡಿದೆ, ಫೋನ್ ಕೆಟ್ಟಿದೆಯೇನೋ ಅಂದುಕೊಂಡೆ. ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಮರುದಿನ ಇದನ್ನು ಬಿಡಿಸಿದ್ದು ಒಂಬತ್ತನೇ ತರಗತಿಯ ಒಬ್ಬ ಹುಡುಗಿ. ಅವಳು ಗ್ರಾಫ್ ನೋಡಲೇ ಇಲ್ಲ. "ಸರ್, ಜೋಕಾಲಿ ಕೆಳಗ ಬಂದಾಗ ಹೊಟ್ಟ್ಯಾಗ ಧಸಕ್ ಅಂತೈತಲ್ರಿ. ಹೋಗೂಮುಂದ ಒಮ್ಮಿ, ಬರೂಮುಂದ ಒಮ್ಮಿ. ಫೋನಿಗೂ ಹಂಗ ಆಗಿರ್ಬೇಕ್ರಿ."

ಅಷ್ಟೇ ವಿಷಯ. ತೀರ ಕೆಳಗೆ ಬಂದಾಗ ವೇಗ ಹೆಚ್ಚು. ಅಲ್ಲಿ ಮಣೆ ನಮ್ಮನ್ನು ಜೋರಾಗಿ ಮೇಲಕ್ಕೆ ಒತ್ತುತ್ತದೆ, ಫೋನಿನ ಸೆನ್ಸರ್ ಅದನ್ನು ಗುಡ್ಡವಾಗಿ ಬರೆಯುತ್ತದೆ. ಒಂದು ಸಲ ಹೋಗಿ ಬರುವುದರಲ್ಲಿ ಕೆಳಗಿನ ಜಾಗವನ್ನು ಎರಡು ಸಲ ದಾಟುತ್ತೇವೆ. ನಾನು ಕಾಗದದ ಮೇಲೆ ಹುಡುಕುತ್ತಿದ್ದೆ, ಅವಳಿಗೆ ಹೊಟ್ಟೆಯಲ್ಲೇ ಗೊತ್ತಿತ್ತು.

ಆಮೇಲೆ ಭಾರದ ವಿಷಯ. ಐದನೇ ತರಗತಿಯ ಸಣ್ಣ ಹುಡುಗ ಕೂತರೂ 4 ಸೆಕೆಂಡ್, ನಮ್ಮ ಪಿ.ಇ. ಮೇಷ್ಟ್ರು ಕೂತರೂ ಹೆಚ್ಚು ಕಡಿಮೆ 4 ಸೆಕೆಂಡ್. ಪಿ.ಇ. ಮೇಷ್ಟ್ರು ಕೂತಾಗ ಮರದ ಕೊಂಬೆ ಕರಕರ ಅಂದಿತು, ಅದು ಬೇರೆ ಮಾತು. ಮಣೆಯ ಮೇಲೆ ನಿಂತು ಜೀಕಿದಾಗ ಮಾತ್ರ ಕಾಲ 3.8 ಸೆಕೆಂಡಿನ ಸುಮಾರಿಗೆ ಇಳಿಯಿತು. ನಿಂತಾಗ ಮೈಯ ಭಾರದ ಮಧ್ಯಬಿಂದು ಮೇಲೆ ಹೋಗುತ್ತದೆ, ಲೋಲಕ ಗಿಡ್ಡವಾದ ಹಾಗೆ. ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಇನ್ನೂ ಮೂರ್ನಾಲ್ಕು ಮಕ್ಕಳು ಅದರ ಹಿಂದೆ ಬಿದ್ದಿದ್ದಾರೆ.

ಸಣ್ಣಪುಟ್ಟವು ಬೇಕಾದಷ್ಟಿವೆ. ಗೋಡೆಗೆ ಚಾಕ್‌ನಿಂದ ಗೆರೆ ಎಳೆದು ಚೆಂಡು ಬಿಟ್ಟು ವಿಡಿಯೊ ಮಾಡಿ. ಸೆಕೆಂಡಿಗೆ 30 ಚಿತ್ರ ಇದ್ದರೆ ಮೂರು ಮೂರು ಚಿತ್ರಕ್ಕೆ ನಿಲ್ಲಿಸಿ ನೋಡಿ. ಒಟ್ಟು ದೂರ 5, 20, 44, 78 ಸೆಂ.ಮೀ. ಆಗುತ್ತಾ ಹೋಗುತ್ತದೆ. ಟ್ರ್ಯಾಕರ್ ಅನ್ನುವ ಉಚಿತ ತಂತ್ರಾಂಶ ಇದನ್ನು ಇನ್ನೂ ಚೆನ್ನಾಗಿ ಮಾಡುತ್ತದೆ, ಕಂಪ್ಯೂಟರ್ ಇದ್ದರೆ. ಟಿ.ವಿ. ರಿಮೋಟಿನ ಮುಂದಿನ ದೀಪವನ್ನು ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ ಬಟನ್ ಒತ್ತಿ, ಕಣ್ಣಿಗೆ ಕಾಣದ ಅವಗೆಂಪು ಬೆಳಕು ಮಿನುಗುತ್ತದೆ.

ನೆರಳಿನ ವಿಷಯ ಮಾತ್ರ ಸ್ವಲ್ಪ ಹೇಳಲೇಬೇಕು. ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ಬಂದು ನೆರಳೇ ಬೀಳದ ದಿನ ಬೆಂಗಳೂರಿಗೆ ಏಪ್ರಿಲ್ 24ರ ಸುಮಾರಿಗೆ ಬರುತ್ತದೆ. ನಮ್ಮ ಹಾವೇರಿಗೆ ಏಪ್ರಿಲ್ ಕೊನೆಗೆ. ಆಗ ಶಾಲೆಗೆ ರಜೆ. ಮತ್ತೆ ಆಗಸ್ಟಿನಲ್ಲಿ ಬರುತ್ತದೆ, ಆಗ ಮೋಡ. ಸೂರ್ಯ ನಮ್ಮ ಶಿಕ್ಷಣ ಇಲಾಖೆಯ ವೇಳಾಪಟ್ಟಿ ನೋಡುವುದಿಲ್ಲ. ಸ್ಟೆಲ್ಲೇರಿಯಂ ಅನ್ನುವ ಉಚಿತ ತಂತ್ರಾಂಶದಲ್ಲಿ ನಿಮ್ಮ ಊರು, ದಿನಾಂಕ ಹಾಕಿದರೆ ಸೂರ್ಯ ನೆತ್ತಿಗೆ ಬರುವುದನ್ನು ಮೊದಲೇ ನೋಡಬಹುದು. ಅದಕ್ಕಿಂತ ಒಳ್ಳೆಯದು ಡಿಸೆಂಬರ್. ಆಕಾಶ ತಿಳಿಯಾಗಿರುತ್ತದೆ. ಡಿಸೆಂಬರ್ 22ರ ಸುಮಾರಿಗೆ 1 ಮೀಟರ್ ಕೋಲಿನ ಅತಿ ಗಿಡ್ಡ ನೆರಳು ಮೈಸೂರಿನಲ್ಲಿ 72 ಸೆಂ.ಮೀ., ನಮ್ಮಲ್ಲಿ 79, ಬೀದರ್‌ನಲ್ಲಿ 88. ಮೂರೂ ಊರಿನ ಮೇಷ್ಟ್ರುಗಳು ವಾಟ್ಸಾಪಿನಲ್ಲಿ ಅಳತೆ ಹಂಚಿಕೊಂಡರೆ ಭೂಮಿಯ ಸುತ್ತಳತೆ ಸಿಗುತ್ತದೆ. ಮೈಸೂರು-ಬೀದರ್ ನಡುವೆ ಬಿಸಿಲಿನ ಕೋನದ ವ್ಯತ್ಯಾಸ 5.6 ಡಿಗ್ರಿ, ನೇರ ಉತ್ತರ-ದಕ್ಷಿಣ ದೂರ ಸುಮಾರು 620 ಕಿ.ಮೀ. 5.6 ಡಿಗ್ರಿಗೆ ಇಷ್ಟಾದರೆ ಪೂರ್ತಿ ಸುತ್ತಿನ 360 ಡಿಗ್ರಿಗೆ ಎಷ್ಟು ಅಂತ ಲೆಕ್ಕ ಹಾಕಿದರೆ ಆಯಿತು. ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಈಜಿಪ್ಟಿನಲ್ಲಿ ಮಾಡಿದ್ದೂ ಇದೇ ಲೆಕ್ಕ. ಪಾಪ, ಅವನ ಹತ್ತಿರ ವಾಟ್ಸಾಪ್ ಇರಲಿಲ್ಲ. ಗುಡ್ ಮಾರ್ನಿಂಗ್ ಚಿತ್ರಗಳ ನಡುವೆ ಇಂಥದ್ದೂ ಒಂದು ಹೋಗಲಿ.

ಭಾಷೆಯ ತೊಡಕೂ ಇದೆ. ನಮ್ಮ ಮಕ್ಕಳಿಗೆ ಪ್ರವಾಹ ಅಂದರೆ ವರದಾ ನದಿಗೆ ಬರುವುದು. ತಂತಿಯಲ್ಲಿ ಬರುವುದು ಕರೆಂಟ್. ಜವ, ವೇಗ ಎರಡೂ ಮಾತಿನಲ್ಲಿ ಒಂದೇ, ಪುಸ್ತಕದಲ್ಲಿ ಬೇರೆ. ವೋಲ್ಟೇಜಿಗೆ ಪುಸ್ತಕ ಹೇಳುವ ವಿಭವಾಂತರ ಅನ್ನುವ ಮಾತನ್ನು ಯಾವ ವೈರ್‌ಮ್ಯಾನ್ ಬಾಯಲ್ಲೂ ನಾನು ಕೇಳಿಲ್ಲ. ಹಾಗಾಗಿ ಪ್ರಯೋಗ ಮಾಡುವಾಗ ಮಕ್ಕಳ ಮಾತಿನಲ್ಲೇ ಮಾತಾಡುತ್ತೇನೆ. ಗ್ರಾಫ್ ಬರೆಯುವ ಹೊತ್ತಿಗೆ ಪುಸ್ತಕದ ಪದ ತರುತ್ತೇನೆ.

ಮಾತು ಮುಗಿದ ಮೇಲೆ ಕೇಳಿದ ಮೂರು ಪ್ರಶ್ನೆಗಳನ್ನೂ ಇಲ್ಲಿ ಸೇರಿಸುತ್ತೇನೆ.

ಹಿರೇಕೆರೂರು ಕಡೆಯ ಒಬ್ಬ ಟೀಚರ್ ಕೇಳಿದರು, "ಸರ್, ಮಕ್ಕಳು ಶಾಲೆಗೆ ಫೋನ್ ತರುವಂತಿಲ್ಲ. ನಾವು ಕ್ಲಾಸಿನಲ್ಲಿ ಹಿಡಿದರೂ ಮಾತು ಬರುತ್ತದೆ. ಏನು ಮಾಡೋದು?" ಮಕ್ಕಳ ಫೋನ್ ಬೇಡ ಮೇಡಂ. ನಿಮ್ಮದೊಂದೇ ಸಾಕು, ಶಬ್ದದ ಪ್ರಯೋಗಕ್ಕೆ ಮಾತ್ರ ಇನ್ನೊಬ್ಬ ಶಿಕ್ಷಕರದ್ದೂ ಬೇಕು. ಪಾಠಯೋಜನೆಯಲ್ಲಿ ಇಂಥ ದಿನ ಇಂಥ ಪ್ರಯೋಗಕ್ಕೆ ಫೋನ್ ಅಂತ ಬರೆದು ಮುಖ್ಯ ಶಿಕ್ಷಕರ ಸಹಿ ಹಾಕಿಸಿಕೊಳ್ಳಿ. ಪ್ರಯೋಗದ ಹೊತ್ತಿನಲ್ಲಿ ಏರೋಪ್ಲೇನ್ ಮೋಡ್ ಹಾಕಿ. ಇಲ್ಲದಿದ್ದರೆ ಜೋಕಾಲಿಯ ಮಣೆಯ ಕೆಳಗಿನಿಂದ ರಿಂಗ್‌ಟೋನ್ ಕೇಳಿಸುತ್ತದೆ, ನನ್ನ ಅನುಭವ.

"ಇದರಿಂದ ಎಸ್ಸೆಸ್ಸೆಲ್ಸಿಯಲ್ಲಿ ಅಂಕ ಜಾಸ್ತಿ ಬರುತ್ತಾ?" ಅಂತ ಇನ್ನೊಬ್ಬರು. ಬರುತ್ತದೆ ಅಂತ ನಾನು ಮಾತು ಕೊಡುವುದಿಲ್ಲ. ಸರಣಿ, ಸಮಾಂತರದ ಲೆಕ್ಕದಲ್ಲಿ ನಮ್ಮ ಮಕ್ಕಳು ಈಗ ಮೊದಲಿನಷ್ಟು ತಪ್ಪುವುದಿಲ್ಲ, ಅಷ್ಟು ಹೇಳಬಲ್ಲೆ. ಜನವರಿ ಆದ ಮೇಲೆ ನಾನೂ ನಿಮ್ಮ ಹಾಗೆ ಹಳೆಯ ಪ್ರಶ್ನೆಪತ್ರಿಕೆಗಳನ್ನೇ ಹಿಡಿದು ಕೂರುತ್ತೇನೆ.

ಮೂರನೆಯದು, "ಅರವತ್ತು ಮಕ್ಕಳು, ಒಂದು ಫೋನ್. ಹೇಗೆ?" ಇದಕ್ಕೆ ಬಾಯಲ್ಲಿ ಉತ್ತರ ಹೇಳುವ ಬದಲು ಅಲ್ಲೇ ಮಾಡಿ ತೋರಿಸೋಣ ಅಂತ ಹೊರಟೆವು. ಸಭಾಂಗಣದ ಎರಡು ಗೋಡೆಗಳ ಹತ್ತಿರ ಇಬ್ಬರು ಶಿಕ್ಷಕರು ಎರಡು ಫೋನ್ ಹಿಡಿದು ನಿಂತರು. ಇಬ್ಬರು ಟೇಪು ಹಿಡಿದರು, ಒಬ್ಬರು ಬೋರ್ಡಿನ ಮೇಲೆ ಲೆಕ್ಕ, ಉಳಿದವರೆಲ್ಲ ಊಹೆ ಬರೆಯುವವರು. ಟೇಪು 8 ಮೀಟರ್ ತೋರಿಸಿತು. ಮೊದಲ ಸಲ ಯಾರೋ ಕೆಮ್ಮಿದರು, ಕೆಟ್ಟಿತು. ಎರಡನೇ ಸಲ ಫ್ಯಾನ್ ಆರಿಸಲು ಮರೆತಿದ್ದೆವು. ಆಮೇಲೆ ಐದು ಸಲ ಸರಿಯಾಗಿ ಬಂತು, ವ್ಯತ್ಯಾಸದ ಸರಾಸರಿ 0.045 ಸೆಕೆಂಡ್. 16ನ್ನು ಅದರಿಂದ ಭಾಗಿಸಿದರೆ ಸುಮಾರು 356. "ಜಾಸ್ತಿ ಆಯಿತು, ಹೊರಗೆ 30 ಡಿಗ್ರಿ ಅಷ್ಟೇ ಇದೆ" ಅಂದರು ಒಬ್ಬರು. "ಫೋನ್ ಅಗ್ಗದ್ದು" ಅಂದರು ಇನ್ನೊಬ್ಬರು. ಅಷ್ಟರಲ್ಲಿ ಟೇಪು ಹಿಡಿದವರಿಗೇ ಹೊಳೆಯಿತು. ಅದು ನಡುವಿನ ಎರಡು ಮೇಜುಗಳನ್ನು ಹತ್ತಿ ಇಳಿದಿತ್ತು. ಮೇಜು ಸರಿಸಿ ನೇರವಾಗಿ ಎಳೆದು ಅಳೆದರು. 7.85 ಮೀಟರ್. ಬೋರ್ಡಿನ ಹತ್ತಿರ ಇದ್ದವರು ಹೊಸದಾಗಿ ಭಾಗಾಕಾರ ಶುರು ಮಾಡುವಷ್ಟರಲ್ಲಿ ಊಟಕ್ಕೆ ಕರೆ ಬಂತು. ಯಾರೂ ಏಳಲಿಲ್ಲ.